ಗ್ಯಾನಮ್ಮ ಹಿಂದಕ್ಕೆ ನಡೆದು ಹೇಳಿದ ಕಥೆ

ವಳಕಮದಿನ್ನಿಯ ಗ್ಯಾನಮ್ಮನ ಬಾಯಿ ಊರಿಗೆಲ್ಲ ಗೊತ್ತು. ಬೆಳಗ್ಗೆ ಆಕೆ ಕಟ್ಟೆಯ ಮೇಲೆ ಕುಳಿತಳೆಂದರೆ ಹಾಲಿನ ಆಟೋದವನಿಂದ ಹಿಡಿದು ಹಾದಿಯಲ್ಲಿ ಹೋಗುವ ಎಮ್ಮೆಯವರೆಗೆ ಯಾರೂ ಆಕೆಯ ಮಾತಿನಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಅಂಥ ಗ್ಯಾನಮ್ಮ ಒಂದು ಸಂಜೆ ಮಾತು ಹೊರಡದೆ ಕುಳಿತಳು ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಹಾಗೆಯೇ ಆಯಿತು.

ಆ ವರ್ಷ ಊರಿನ ಪ್ರೌಢಶಾಲೆಯ ವಸೀಮಾ ಟೀಚರ್ ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಹಚ್ಚಿದ್ದರು. ಟೀಚರ್ ಮುದಗಲ್ಲಿನವರು, ಕೋಟೆಯ ಗೋಡೆಯ ನೆರಳಿನಲ್ಲಿ ಆಡಿ ಬೆಳೆದವರು. ತಮ್ಮ ಊರಿನಲ್ಲಿ ಹಳೆಯ ಕಾಲ ಕಲ್ಲಿನಲ್ಲಿ ಉಳಿದಿದೆ, ಈ ಊರಿನಲ್ಲಿ ಮನುಷ್ಯರ ಬಾಯಲ್ಲಿ ಉಳಿದಿದೆ, ಹೋಗಿ ಕೇಳಿ ಎಂದು ಅವರು ಮಕ್ಕಳಿಗೆ ಹೇಳಿದರು. ಕಾಲುವೆಗೆ ನೀರು ಬಂದ ಮೇಲೆ ಊರು ಹೇಗೆ ಬದಲಾಯಿತು ಎಂಬುದೇ ಪ್ರಶ್ನೆ. ಒಬ್ಬೊಬ್ಬರು ಒಬ್ಬ ಹಿರಿಯರನ್ನು ಆರಿಸಿಕೊಂಡು, ಮಾತನ್ನು ಮೊಬೈಲಿನಲ್ಲಿ ಹಿಡಿದು, ಅದನ್ನು ಬರಹಕ್ಕೆ ಇಳಿಸಬೇಕು. ಸಿಂಧನೂರಿನಲ್ಲಿ ಅಚ್ಚು ಹಾಕಿಸಿ, ಕಲ್ಯಾಣ ಕರ್ನಾಟಕ ಉತ್ಸವದ ದಿನ ಧ್ವಜ ಏರಿಸಿದ ಮೇಲೆ ಪುಸ್ತಕವನ್ನು ಊರಿನ ಕೈಗೆ ಕೊಡಬೇಕು. ಟೀಚರ್ ಹಾಗೆ ಗೊತ್ತು ಮಾಡಿದ್ದರು.

ಗ್ಯಾನಮ್ಮನ ಎದುರು ಮನೆಯ ಭುವನೇಶ್ವರಿ ಈ ಕೆಲಸಕ್ಕೆ ಗ್ಯಾನಮ್ಮನನ್ನೇ ಆರಿಸಿಕೊಂಡಳು. ಕಿರಾಣಿ ಅಂಗಡಿಯವರ ಮಗಳು, ಓದಿನಲ್ಲಿ ಚುರುಕು. ಮಾತುಗಾರ್ತಿ ಅಜ್ಜಿ ಮನೆಯೆದುರೇ ಇರುವಾಗ ಕೆಲಸ ಬೇಗ ಮುಗಿಯುತ್ತದೆ ಎಂದು ಆಕೆಯ ಲೆಕ್ಕ. ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಮೊಬೈಲ್ ಇಟ್ಟು, ಶಾಲೆಯಲ್ಲಿ ಕೊಟ್ಟ ಪ್ರಶ್ನೆಗಳನ್ನು ಒಂದೊಂದಾಗಿ ಓದತೊಡಗಿದಳು.

ಹೆಸರು ಕೇಳಿದಾಗ ಗ್ಯಾನಮ್ಮ ಗಟ್ಟಿಯಾಗಿ ಹೇಳಿದಳು. ಎರಡನೆಯ ಪ್ರಶ್ನೆ ಯಜಮಾನರ ಹೆಸರಿನದು. ಗ್ಯಾನಮ್ಮ ಸೆರಗನ್ನು ಬಾಯಿಗೆ ಹಿಡಿದು ಆಚೀಚೆ ನೋಡಿದಳು. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಆತನ ಹೆಸರನ್ನು ಆಕೆ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಇಂಥ ಹೊತ್ತಿನಲ್ಲಿ ಅದನ್ನು ಹೇಳಬೇಕಾದ ಸೊಸೆ ದುರ್ಗಾದೇವಿ ಗದ್ದೆಗೆ ಹೋಗಿದ್ದಳು. ಅಂಗಳದಲ್ಲಿ ಇದ್ದದ್ದು ಒಂದು ಆಡು.

"ಅದನ್ನ ಬಿಡಬೇ, ಮುಂದಿಂದು ಕೇಳು" ಎಂದಳು.

ಮುಂದಿನದು ಹುಟ್ಟಿದ ವರ್ಷ. ಅದರ ಮುಂದಿನದು ಹುಟ್ಟಿದ ಊರು. ಮಸ್ಕಿಯ ಕಡೆಯ ಹಳ್ಳಿ ಎಂದಷ್ಟೇ ಹೇಳಿದಳು. ಬಾಲ್ಯದ ಬಗ್ಗೆ ಹೇಳಿ ಎಂದಾಗ ಗ್ಯಾನಮ್ಮನಿಗೆ ಬಾವಿಯ ಆಳಕ್ಕೆ ಹಗ್ಗ ಬಿಟ್ಟು ಅದು ಮುಟ್ಟದೆ ಹೋದ ಹಾಗಾಯಿತು. ಅಷ್ಟು ದೂರದಿಂದ ಎಳೆದು ತರುವುದು ಏನನ್ನು? ಖಾಲಿ ಕೈಗಳು ತೊಡೆಯ ಮೇಲೆ ಕಲ್ಲಿನ ಹಾಗೆ ಬಿದ್ದಿದ್ದವು. ಮೊಬೈಲು ನೋಡುತ್ತಿತ್ತು, ಹುಡುಗಿ ನೋಡುತ್ತಿದ್ದಳು, ಆಡೂ ನೋಡುತ್ತಿತ್ತು. ಕೊನೆಗೆ ಭುವನೇಶ್ವರಿ ಬೇಸರ ತೋರಿಸದೆ, ಪರವಾಗಿಲ್ಲ ಅಜ್ಜಿ, ನಾನು ಬೇರೆ ಯಾರನ್ನಾದರೂ ಕೇಳುತ್ತೇನೆ ಎಂದು ಮೊಬೈಲ್ ಎತ್ತಿಕೊಂಡು ಹೋದಳು.

ಆ ಮಾತನ್ನು ಗ್ಯಾನಮ್ಮ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ತನ್ನಂಥವಳ ಬದುಕನ್ನು ಬರೆದುಕೊಂಡು ಇವರಿಗೆ ಆಗಬೇಕಾದದ್ದೇನು ಎಂದುಕೊಂಡು ಒಲೆ ಹೊತ್ತಿಸಿದಳು. ಮನಸ್ಸು ಕೆಟ್ಟದ್ದು ಎರಡು ದಿನ ಬಿಟ್ಟು.

ಭುವನೇಶ್ವರಿ ಈ ಸಲ ಶಿವಶರಣಪ್ಪ ಗೌಡರನ್ನು ಕೇಳಿದ್ದಳು. ಗೌಡರು ದೊಡ್ಡ ಹಿಡುವಳಿಯವರು. ನಿಧಾನವಾಗಿ, ತೂಕವಾಗಿ ಮಾತಾಡುವವರು. ಮನೆಗೆ ಬಂದು ಬಾಗಿಲಲ್ಲಿ ಕುಳಿತು ಹುಡುಗಿ ಆ ಮಾತನ್ನು ಮತ್ತೆ ಮತ್ತೆ ಕೇಳುತ್ತ ಬರೆಯುತ್ತಿದ್ದಳು. ಗ್ಯಾನಮ್ಮ ಎದುರು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಮೊಬೈಲಿನೊಳಗಿಂದ ಗೌಡರ ದನಿ ಓಣಿಯ ಈ ಬದಿಗೂ ಸ್ಪಷ್ಟವಾಗಿ ಕೇಳಿಸಿತು:

"ನೀರೇನೋ ಬಂತವ್ವ. ಆದ್ರ ನಮ್ಮೂರ ಹೆಣ್ಮಕ್ಕಳಿಗೆ ನೆಲ್ಲು ನಾಟಿ ಅಂದ್ರೇನು ಅನ್ನೋದ ಗೊತ್ತಿದ್ದಿಲ್ಲ. ಜೋಳದ ಹೊಲದಾಗ ಕಳೆ ತೆಗೆದವ್ರು. ಆಂಧ್ರದಿಂದ ಬಂದು ಇಲ್ಲೇ ಹೊಲ ಹಿಡದು ಕ್ಯಾಂಪಿನ್ಯಾಗ ಇದ್ದವರನ್ನ ಕರಸಬೇಕಾತು. ಈ ಸೀಮಿ ಹಸರಾಗಿದ್ದು ಅವ್ರ ಕೈಲಿಂದ."

ಹುಡುಗಿ ಅದನ್ನೇ ಮೂರು ಸಲ ತಿರುಗಿಸಿ ಕೇಳಿದಳು. ಮೂರು ಸಲವೂ ಗ್ಯಾನಮ್ಮನ ಕೈ ನಿಂತಿತು.

ಗೌಡರು ಹೇಳಿದ್ದು ಸುಳ್ಳಲ್ಲ. ಆದರೆ ಅದು ಮೊದಲ ವರ್ಷದ ಮಾತು. ಆಮೇಲೆ? ಈ ಊರಿನ ಕೆಳಗಣ ಗದ್ದೆಗಳಲ್ಲಿ ವರ್ಷಕ್ಕೆ ಎರಡು ಬೆಳೆ, ಅಷ್ಟೂ ಬೆಳೆಗೆ ಬಗ್ಗಿದ ಬೆನ್ನುಗಳು ಯಾರವು? ಗ್ಯಾನಮ್ಮ ಮುಂದೆ ನಿಂತು ನಡೆಸಿದ ನಾಟಿ ಗುಂಪಿನಲ್ಲಿ ಇದ್ದ ಹೆಂಗಸರು ಒಬ್ಬೊಬ್ಬರಾಗಿ ಕಣ್ಣಮುಂದೆ ಬಂದರು. ಹಲವರು ಈಗ ಇಲ್ಲ. ಇದ್ದವರಲ್ಲಿ ಯಾರೂ ಪುಸ್ತಕ ಓದುವವರಲ್ಲ. ಆದರೆ ಅವರ ಮೊಮ್ಮಕ್ಕಳು ಓದುತ್ತಾರೆ, ಮತ್ತು ತಮ್ಮ ಅಜ್ಜಿಯರಿಗೆ ಏನೂ ಬರುತ್ತಿರಲಿಲ್ಲ ಎಂದೇ ಓದುತ್ತಾರೆ.

ಮರುದಿನ ಬೆಳಗ್ಗೆ ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆ ಉಟ್ಟು, ಮೊಣಕಾಲು ನೋಯುತ್ತಿದ್ದರೂ ಗ್ಯಾನಮ್ಮ ಶಾಲೆಗೆ ನಡೆದಳು. ಶಾಲೆಯ ಒಳಗೆ ಆಕೆ ಕಾಲಿಟ್ಟದ್ದು ಅದೇ ಮೊದಲು. ಮತ ಹಾಕಲು ಬಂದದ್ದು ಬೇರೆ. ವಸೀಮಾ ಟೀಚರ್ ಕುರ್ಚಿ ಕೊಟ್ಟು, ಬಂದ ಕಾರಣ ಕೇಳಿದರು. ಗ್ಯಾನಮ್ಮ ಸುತ್ತುಬಳಸಲಿಲ್ಲ. ಪುಸ್ತಕದಲ್ಲಿ ನಾಟಿಯ ಮಾತು ಅರ್ಧಕ್ಕೆ ನಿಂತಿದೆ, ಉಳಿದ ಅರ್ಧ ತನ್ನ ಹತ್ತಿರ ಇದೆ, ಅದನ್ನು ಬರೆದುಕೊಳ್ಳಬೇಕು ಎಂದಳು.

ಟೀಚರ್ ಸಂತೋಷಪಟ್ಟರು. ಆಗಲೇ ಭುವನೇಶ್ವರಿಯನ್ನು ಕರೆಸಿ, ಬಾಗಿಲು ಮುಂದೆ ಮಾಡಿ, ಮೊಬೈಲ್ ಎದುರಿಗಿಟ್ಟರು. ಗಂಡನ ಹೆಸರಿನ ಪ್ರಶ್ನೆಯನ್ನು ತಾವೇ ಹೊಡೆದು ಹಾಕಿದರು. ಆದರೂ ಪ್ರಶ್ನೆಗಳು ಹುಟ್ಟಿನಿಂದಲೇ ಹೊರಟವು. ಮಸ್ಕಿಯ ಕಡೆಯ ಹಳ್ಳಿ, ಅಪ್ಪನ ಕುರಿಗಳು, ಅವ್ವ. ಅಲ್ಲಿಗೆ ಮಾತು ಮತ್ತೆ ಹೂತುಹೋಯಿತು. ಗ್ಯಾನಮ್ಮ ಕುರ್ಚಿಯ ಮೇಲೆ ಕೈಕಟ್ಟಿ ಕುಳಿತೇ ಇದ್ದಳು.

ಗಾಬರಿಯಾಗಬೇಡಿ, ಇನ್ನೊಮ್ಮೆ ನೋಡೋಣ ಎಂದರು ಟೀಚರ್. ಆದರೆ ಶನಿವಾರ ಎಲ್ಲ ಬರಹಗಳೂ ಅಚ್ಚಿಗೆ ಹೋಗಬೇಕು ಎಂಬುದನ್ನೂ ಮುಚ್ಚಿಡಲಿಲ್ಲ. ಅಂದು ಗುರುವಾರ.

"ಶನಿವಾರದೊಳಗ ಹೇಳತೀನ್ರೀ" ಎಂದಳು ಗ್ಯಾನಮ್ಮ. "ಹೆಂಗ ಅಂತ ಈಗ ಕೇಳಬ್ಯಾಡ್ರಿ. ಹೇಳದ ಬಿಡಂಗಿಲ್ಲ."

ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತಳು. ಯಾರನ್ನೂ ಮಾತಾಡಿಸಲಿಲ್ಲ. ಹಾಲಿನ ಆಟೋದವನು ತಾನಾಗಿ ಗಾಡಿ ನಿಧಾನ ಮಾಡಿ, ಹುಷಾರಿಲ್ಲವೇ ಎಂದು ಕೇಳಿಕೊಂಡು ಹೋದ. ಕೈಗಳನ್ನು ನೋಡಿಕೊಂಡಳು. ಶೇಂಗಾ ಸುಲಿಯುವಾಗ ಮಾತು ಬರುತ್ತದೆ, ರೊಟ್ಟಿ ಬಡಿಯುವಾಗ ಬರುತ್ತದೆ. ಕುರ್ಚಿಯ ಮೇಲೆ ಕೈಕಟ್ಟಿ ಕುಳಿತರೆ ಬರುವುದಿಲ್ಲ. ನಾಟಿ ಗುಂಪಿನಲ್ಲಿ ಇದ್ದಾಗ ಎಂಥ ಎಂಥ ಸುದ್ದಿಗಳು ಆ ಸಾಲಿನ ಈ ತುದಿಯಿಂದ ಆ ತುದಿಗೆ ಹರಿಯುತ್ತಿದ್ದವು. ಯಾರ ಮನೆಯ ಸಾರು ಉಪ್ಪಾಯಿತು ಎಂಬುದರಿಂದ ಹಿಡಿದು ಯಾರ ಮಗಳ ಲಗ್ನ ಮುರಿಯಿತು ಎಂಬುದರವರೆಗೆ ಎಲ್ಲ.

ಸಂಜೆ ದುರ್ಗಾದೇವಿ ಕಾಲಿನ ಕೆಸರು ತೊಳೆಯುತ್ತಿದ್ದಾಗ, ನಾಳೆ ಎಲ್ಲಿ ನಾಟಿ ಎಂದು ಅತ್ತೆ ಕೇಳಿದಳು. ಈ ಸಲ ಹೆಚ್ಚಿನವರು ಕೂರಿಗೆಯಿಂದ ನೇರವಾಗಿ ಬೀಜ ಬಿತ್ತಿದ್ದರು. ನಾಟಿ ಉಳಿದದ್ದು ಕೆಲವೇ ಗದ್ದೆಗಳಲ್ಲಿ. ನಾಳೆ ಗೌಡರ ಕೆಳಗಣ ಗದ್ದೆ, ಅದೇ ಕೊನೆಯದು ಎಂದಳು ಸೊಸೆ.

"ನಾನೂ ಬರತೀನಿ."

ದುರ್ಗಾದೇವಿ ತಂಬಿಗೆ ಕೆಳಗಿಟ್ಟಳು. "ಬಂದು ಏನ ಮಾಡ್ತಿಯತ್ತಿ? ವಡ್ಡಿನ ಮ್ಯಾಲೆ ಕುಂತು ನಮಗ ಬೈತಿಯೇನು? ಅದನ್ನ ಮನ್ಯಾಗ ಬೈ, ಕೂಲಿ ಬ್ಯಾರೆ ಕೆಡ್ತತಿ."

"ಕೆಸರಿನ್ಯಾಗ ಇಳಿತೀನಿ."

"ಮೊಣಕಾಲು?"

"ಅವೂ ಬರತಾವು. ಬಿಟ್ಟು ಎಲ್ಲಿಗೆ ಹೊಕ್ಕಾವು."

ಸೊಸೆಗೆ ನಗು ಬಂದರೂ ತೋರಿಸಲಿಲ್ಲ. ಅತ್ತೆ ಹೀಗೆ ಕತ್ತು ಓರೆ ಮಾಡಿ ಮಾತಾಡಿದಾಗ ತಡೆಯಲು ಹೋಗುವುದು ಕಾಲುವೆಗೆ ಕೈ ಅಡ್ಡ ಹಿಡಿದ ಹಾಗೆ ಎಂದು ಆಕೆಗೆ ಗೊತ್ತಿತ್ತು. ಗ್ಯಾನಮ್ಮ ಎದುರು ಮನೆಯ ಬಾಗಿಲಿಗೆ ಹೋಗಿ, ನಾಳೆ ಶಾಲೆಗೆ ಹೋಗುವ ಮೊದಲು ಗೌಡರ ಗದ್ದೆಗೆ ಮೊಬೈಲ್ ತೆಗೆದುಕೊಂಡು ಬರಬೇಕು ಎಂದು ಭುವನೇಶ್ವರಿಗೆ ಹೇಳಿದಳು. ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ ಹ್ಞೂಂ ಎಂದಳು.

ಶುಕ್ರವಾರ ಬೆಳಗ್ಗೆ ಗದ್ದೆಯಲ್ಲಿ ನೀರು ಕನ್ನಡಿಯ ಹಾಗೆ ನಿಂತಿತ್ತು. ಸಸಿಯ ಕಟ್ಟುಗಳನ್ನು ಅಲ್ಲಲ್ಲಿ ಎಸೆದಿದ್ದರು. ಗ್ಯಾನಮ್ಮ ಸೀರೆ ಎತ್ತಿ ಕಟ್ಟಿ, ಸೊಸೆಯ ಭುಜ ಹಿಡಿದು, ಒಂದೊಂದೇ ಕಾಲು ಇಳಿಸಿದಳು. ಕೆಸರು ಮೀನಖಂಡದವರೆಗೆ ಏರಿತು. ಮೊಣಕಾಲು ಒಮ್ಮೆ ಚುಳುಕ್ ಎಂದಿತು. ಆಮೇಲೆ, ಗುರುತು ಹಿಡಿದ ಹಾಗೆ, ಸುಮ್ಮನಾಯಿತು. ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು ಬಗ್ಗಿದಳು. ಬಲಗೈಯ ಬೆರಳುಗಳು ಒಂದಿಷ್ಟು ಸಸಿ ಎಳೆದು ಕೆಸರಿಗೆ ಒತ್ತಿದವು. ಒಂದು ಹೆಜ್ಜೆ ಹಿಂದಕ್ಕೆ. ಮತ್ತೆ ಒತ್ತಿದವು. ಮತ್ತೆ ಹಿಂದಕ್ಕೆ.

ಭುವನೇಶ್ವರಿ ಗದ್ದೆಯ ಅಂಚಿನ ವಡ್ಡಿನ ಮೇಲೆ ನಿಂತು ಮೊಬೈಲ್ ಚಾಚಿದಳು. ಗ್ಯಾನಮ್ಮ ದೂರ ಸರಿಯುತ್ತ ಹೋದಳು, ದನಿ ಕೇಳಿಸದಾಯಿತು. ಹುಡುಗಿ ಧೈರ್ಯ ಮಾಡಿ, ಲಂಗ ಎತ್ತಿ ಹಿಡಿದು ಕೆಸರಿಗೆ ಇಳಿದಳು. ಮೊಬೈಲ್ ಮುಂದೆ ಹಿಡಿದು ಅಜ್ಜಿಯ ಮುಖದ ಎದುರೇ ನಡೆದು ಬಂದಳು. ಅಜ್ಜಿ ಹಿಂದಕ್ಕೆ, ಹುಡುಗಿ ಮುಂದಕ್ಕೆ. ಹೀಗೆ ಸ್ವಲ್ಪ ದೂರ ಹೋದ ಮೇಲೆ ಸಾಲಿನಲ್ಲಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಹುಡುಗಿ ಕೆಳಗೆ ನೋಡಿದಳು. ಅಜ್ಜಿ ಹಚ್ಚಿದ ಸಸಿಗಳೆಲ್ಲ ಆಕೆಯ ಕಾಲಡಿಗೆ ಮಲಗಿದ್ದವು.

"ಅಂಗಡ್ಯಾಗಿನ ಅಕ್ಕಿ ಅಲ್ಲಬೇ ಇದು" ಎಂದಳು ದುರ್ಗಾದೇವಿ. "ಹಚ್ಚಿದ್ದನ್ನ ತುಳಕೋತ ಬಂದ್ರ ಮುಂದಿನ ವರ್ಷ ನಿಮ್ಮಪ್ಪ ಏನ ಮಾರ್ತಾನ?"

ಹುಡುಗಿಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆದರೆ ಗ್ಯಾನಮ್ಮ ನಡು ಎತ್ತಿ ನಿಂತು, ಬಾಯಿ ತುಂಬ ನಗುತ್ತಿದ್ದಳು. ಸೊಸೆ ಅತ್ತೆಯನ್ನು ಹಾಗೆ ನಗುತ್ತ ನೋಡಿ ಬಹಳ ದಿನವಾಗಿತ್ತು.

"ಅಳಬ್ಯಾಡ. ನಾನೂ ಹಿಂಗ ಮಾಡಿದ್ದೆ" ಎಂದಳು. "ಅದು ಕಡೀಗೆ ಬರತೈತಿ, ತಡಿ. ಮೊದ್ಲು ನೀ ನನ್ನ ಬಾಜೂಕ ಬಾ. ನಾ ನೋಡೂ ಕಡೀಗೇ ನೋಡು. ನನ್ನ ಜೋಡಿ ಹಿಂದಕ ಹೆಜ್ಜಿ ಇಡು."

ಭುವನೇಶ್ವರಿ ಪಕ್ಕಕ್ಕೆ ಬಂದು ನಿಂತಳು. ಮೊಬೈಲ್ ಹಿಡಿದ ಕೈ ಅಜ್ಜಿಯ ಬಾಯಿಯ ಹತ್ತಿರ. ಪ್ರಶ್ನೆಗಳ ಕಾಗದ ಎಲ್ಲಿ ಬಿತ್ತೋ. ಮೊದಲ ಪ್ರಶ್ನೆ ನೆನಪಾಗದೆ, ಬಾಯಿಗೆ ಬಂದದ್ದನ್ನು ಕೇಳಿದಳು: ಅಜ್ಜಿ ಗದ್ದೆಗೆ ಬರುವುದನ್ನು ಬಿಟ್ಟದ್ದು ಯಾವಾಗ?

ಗ್ಯಾನಮ್ಮ ಬಗ್ಗಿದಳು. ಕೈ ನಡೆಯಿತು. ಕೈಯ ಹಿಂದೆ ಮಾತು ಬಂತು.

ಮೊಣಕಾಲು ಕೈಕೊಟ್ಟ ವರ್ಷದಿಂದ ಶುರುವಾಯಿತು. ಗುಂಪನ್ನು ಸೊಸೆಯ ಕೈಗೆ ಒಪ್ಪಿಸಿ, ವಡ್ಡಿನ ಮೇಲೆ ನಿಂತು, ಸಾಲು ದೂರವಾಗುವುದನ್ನು ನೋಡಿದ ದಿನ. ಅದರ ಹಿಂದೆ ಏನು ಎಂದು ಹುಡುಗಿ ಕೇಳಿದಳು. ಅದರ ಹಿಂದೆ ಲಿಂಗಸುಗೂರಿನ ಕಡೆಗೆ ಹೋದದ್ದು. ಅಲ್ಲಿಯ ಹೊಲಗಳಿಗೆ ಆಗಿನ್ನೂ ಹೊಸದಾಗಿ ನೀರು ಬಂದಿತ್ತು. ನಾಟಿ ಬಲ್ಲವರು ಇರಲಿಲ್ಲ. ಗ್ಯಾನಮ್ಮನ ಗುಂಪು ಬುತ್ತಿ ಕಟ್ಟಿಕೊಂಡು, ಮಸ್ಕಿಯಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋಗಿ, ಆ ಊರಿನ ಹೆಂಗಸರನ್ನು ಸಾಲಿನಲ್ಲಿ ತಮ್ಮ ನಡುನಡುವೆ ನಿಲ್ಲಿಸಿಕೊಂಡು ಕಲಿಸಿತು. "ಎನಕ್ಕಿ, ಎನಕ್ಕಿ" ಎಂದು ಗ್ಯಾನಮ್ಮ ಕೂಗುತ್ತಿದ್ದಳು. ಅದು ತೆಲುಗು, ಹಿಂದಕ್ಕೆ ಬಾ ಎಂದು ಅರ್ಥ. ತಾನು ಕಲಿತದ್ದೇ ಆ ಮಾತಿನಲ್ಲಿ, ಬೇರೆ ಮಾತು ಬಾಯಿಗೆ ಬರುತ್ತಿರಲಿಲ್ಲ. ಆ ಕಡೆಯ ಮುದುಕಿಯರು ಇವತ್ತಿಗೂ ಸಿಂಧನೂರು ಸಂತೆಯಲ್ಲಿ ಸಿಕ್ಕರೆ ಎನಕ್ಕಿ ಗ್ಯಾನಮ್ಮ ಎಂದೇ ಕರೆಯುತ್ತಾರೆ.

"ಅದರ ಹಿಂದ?"

ಅದರ ಹಿಂದೆ ಗಂಡ ತೀರಿಕೊಂಡ ವರ್ಷ. ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದವನು, ಜ್ವರ ಬಂದು ಮಲಗಿದವನು ಏಳಲಿಲ್ಲ. ಕಣ್ಣೀರು ಒರೆಸಲು ಕೈ ಬಿಡುವಿರಲಿಲ್ಲ, ಎರಡೂ ಕೈ ಕೆಸರು. ಗದ್ದೆಯ ನೀರಿಗೇ ಬೀಳಲು ಬಿಟ್ಟೆ ಎಂದಳು. ಆಗ ಗುಂಪಿನ ಹೆಂಗಸರು ಆಕೆಯನ್ನು ಸಾಲಿನ ತುದಿಯಿಂದ ನಡುವಿಗೆ ಕರೆದುಕೊಂಡರಂತೆ. ಎರಡೂ ಬದಿಗೆ ಆಳು ಇದ್ದರೆ ಹೆಜ್ಜೆ ತಪ್ಪುವುದಿಲ್ಲ. ಅದರ ಹಿಂದೆ ಮಗ ಸಿದ್ದರಾಮೇಶ ಎಳೆಗೂಸಾಗಿದ್ದದ್ದು, ಕಾಲುವೆ ದಂಡೆಯ ಬೇವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಮಲಗಿಸಿದ್ದು, ಸಾಲು ಹಿಂದೆ ಸರಿದಂತೆ ಮರ ಕಣ್ಣೆದುರೇ ಇರುತ್ತಿದ್ದದ್ದು. ಅದಕ್ಕೇ ತಾನು ಯಾವ ಗದ್ದೆಯಲ್ಲೂ ಮರದ ಕಡೆಯಿಂದಲೇ ನಾಟಿ ಶುರು ಮಾಡಿಸುತ್ತಿದ್ದೆ ಎಂದಳು. ಹೆಸರುಗಳು ಬಂದವು, ತೀರಿಕೊಂಡವರ ಹೆಸರು, ಇದ್ದವರ ಹೆಸರು, ಪ್ರತಿ ಹೆಸರಿಗೂ ಒಂದು ಗುಣ, ಒಂದು ಚೇಷ್ಟೆ. ಸಾಲಿನಲ್ಲಿದ್ದ ಹೆಂಗಸರು ನಡುನಡುವೆ ತಮ್ಮ ಅತ್ತೆಯ, ಅವ್ವನ ಹೆಸರು ಬಂದಾಗ ಹೌದು ಹೌದು ಎನ್ನುತ್ತಿದ್ದರು.

ಯಾವಾಗ ಬಂದು ನಿಂತಿದ್ದರೋ, ಶಿವಶರಣಪ್ಪ ಗೌಡರು ಪಕ್ಕದ ವಡ್ಡಿನ ಮೇಲೆ ಇದ್ದರು. ಗ್ಯಾನಮ್ಮ ಅವರನ್ನು ಕಂಡು ಸೆರಗು ಸರಿ ಮಾಡಿಕೊಂಡಳು, ಮಾತು ನಿಲ್ಲಿಸಲಿಲ್ಲ.

"ನಾ ಹೇಳಿದ್ದು ತಪ್ಪಾತೇನು ಗ್ಯಾನಮ್ಮ?" ಎಂದರು ಗೌಡರು.

"ತಪ್ಪಲ್ಲರೀ ಗೌಡ್ರ. ನೀವು ಮೊದಲ್ನೇ ವರ್ಷ ನೋಡಿ, ಸಾಲಿ ಕಲಿಯಾಕ ಲಿಂಗಸುಗೂರಿಗೆ ಹೋದ್ರಿ. ನೀವು ಹೋದ ಮ್ಯಾಲೆ ಎರಡನೇ ವರ್ಷ ಬಂತು. ಅದನ್ನ ನೋಡಿದಾಕಿ ನಾನು."

ಗೌಡರು ಒಪ್ಪಿಕೊಂಡರು. "ಖರೇ ಐತಿ. ಬೋರ್ಡಿಂಗಿನ್ಯಾಗ ಹಾಕಿದ್ರು ನನ್ನ. ರಜಾಕ ಬಂದಾಗ ನೆಲ್ಲು ಬೆಳದ ನಿಂತಿರತಿತ್ತು. ಹಚ್ಚಿದವ್ರು ಯಾರಂತ ಕೇಳಲಿಲ್ಲ ನೋಡು." ಆಮೇಲೆ ಹುಡುಗಿಯ ಕಡೆ ತಿರುಗಿ, ತಮ್ಮ ಮಾತು ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದಲೇ ಗ್ಯಾನಮ್ಮನ ಮಾತು ಹಾಕಲು ಟೀಚರಿಗೆ ಹೇಳಬೇಕು ಎಂದರು. ತುಳಿದ ಸಸಿಗಳ ಕಡೆ ನೋಡಿಯೂ ನೋಡದವರಂತೆ ಹೊರಟರು.

ಗದ್ದೆಯ ಹಿಂದಿನ ವಡ್ಡು ಹತ್ತಿರ ಬಂದಿತ್ತು. ಹೇಳಲು ಉಳಿದದ್ದೂ ಸ್ವಲ್ಪ. ಭುವನೇಶ್ವರಿ ಮತ್ತೆ, ಅದರ ಹಿಂದೆ ಏನು ಎಂದು ಕೇಳಿದಳು. ಅದರ ಹಿಂದಿನದು ಮೊದಲ ದಿನ. ಹಿಮ್ಮಡಿ ವಡ್ಡಿಗೆ ತಾಗುವ ಹೊತ್ತಿಗೆ ಗ್ಯಾನಮ್ಮ ಅದನ್ನೂ ಹೇಳಿ ಮುಗಿಸಿದಳು. ದುರ್ಗಾದೇವಿ ಬಂದು ಅತ್ತೆಯ ರಟ್ಟೆ ಹಿಡಿದು ಮೇಲೆತ್ತಿದಳು, ಬೈಯಲಿಲ್ಲ.

ಶನಿವಾರ ತರಗತಿಯಲ್ಲಿ ಸಣ್ಣ ವಾದವಾಯಿತು. ಕಥೆ ತಲೆಕೆಳಗಾಗಿದೆ, ಹುಟ್ಟಿನಿಂದ ಹಿಡಿದು ಈ ಹೊತ್ತಿನವರೆಗೆ ಸರಿಯಾಗಿ ಜೋಡಿಸಿ ಬರೆದರೆ ಓದುವವರಿಗೆ ಅನುಕೂಲ ಎಂದು ಕೆಲವು ಮಕ್ಕಳು ಹೇಳಿದರು. ವಸೀಮಾ ಟೀಚರಿಗೂ ಅದು ಸರಿ ಎನ್ನಿಸಿತ್ತು. ಭುವನೇಶ್ವರಿ ಒಪ್ಪಲಿಲ್ಲ. ತಾನು ಒಮ್ಮೆ ಎದುರಿನಿಂದ ನಡೆದು ಬಂದು ಅಜ್ಜಿ ಹಚ್ಚಿದ್ದನ್ನೆಲ್ಲ ತುಳಿದಿದ್ದೇನೆ, ಮತ್ತೆ ತುಳಿಯಲಾರೆ ಎಂದಳು. ಟೀಚರ್ ಧ್ವನಿಮುದ್ರಣವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದರು. ಕೇಳಿದ ಮೇಲೆ, ಹೇಳಿದ ಹಾಗೆಯೇ ಹೋಗಲಿ ಎಂದು ಅಚ್ಚಿಗೆ ಕಳಿಸಿದರು.

ಸೆಪ್ಟೆಂಬರ್ ಹದಿನೇಳರಂದು ಧ್ವಜ ಏರಿತು, ಮಕ್ಕಳಿಗೆ ಶೇಂಗಾ ಉಂಡೆ ಹಂಚಿದರು, ಪುಸ್ತಕ ಊರಿನ ಕೈಗೆ ಬಂತು. ಗೌಡರ ಮಾತು ಮುಗಿದ ಪುಟದ ಎದುರು ಪುಟದಲ್ಲಿ ಗ್ಯಾನಮ್ಮನ ಮಾತು ಶುರುವಾಗಿತ್ತು. ನಾಟಿ ಗುಂಪಿನ ಹೆಂಗಸರು ಅಂದು ಕೆಲಸಕ್ಕೆ ಹೋಗದೆ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಗ್ಯಾನಮ್ಮ ಅವರ ನಡುವೆ. ಭುವನೇಶ್ವರಿ ಎದ್ದು ನಿಂತು ಕೊನೆಯ ಭಾಗವನ್ನು ಓದಿದಳು:

"ಮೊದಲ್ನೇ ದಿನ ನನಗ ಏನೂ ಬರತಿದ್ದಿಲ್ಲ. ಲಗ್ನ ಆಗಿ ಹೊಸದಾಗಿ ಬಂದಿದ್ದೆ. ನಮ್ಮ ಮಸ್ಕಿ ಸೀಮ್ಯಾಗ ಅಷ್ಟು ನೀರು ನಾ ನೋಡಿದ್ದಿಲ್ಲ. ಜೋಳದಾಗ ಕಳೆ ತೆಗೆದಂಗ, ಸಸಿ ಹಚ್ಚಿ ಮುಂದಕ ಹೆಜ್ಜಿ ಇಟ್ಟೆ. ನಾ ಒಬ್ಬಾಕಿ ಅಲ್ಲ, ನಮ್ಮೂರಾಕಿಯರೆಲ್ಲ ಹಂಗ ಮಾಡಿದ್ವಿ. ತಿರುಗಿ ನೋಡಿದ್ರ ಒಂದು ಸಸಿ ಉಳದಿದ್ದಿಲ್ಲ. ಗಂಡಸ್ರು ವಡ್ಡಿನ ಮ್ಯಾಲೆ ನಿಂತು ನಕ್ಕರು. ಕ್ಯಾಂಪಿನ ರತ್ತಮ್ಮ ನಗಲಿಲ್ಲ. ಆಕಿಗೆ ನಮ್ಮ ಮಾತು ಬರತಿದ್ದಿಲ್ಲ, ನಮಗ ಆಕಿದು. ಬಂದು ನನ್ನ ಎರಡೂ ಭುಜ ಹಿಡದು ತಿರುಗಿಸಿ ನಿಂದ್ರಿಸಿದಳು. ಎನಕ್ಕಿ ಅಂದಳು. ಬಗ್ಗಿ ಹಚ್ಚಿದೆ. ಹಿಂದಕ ಒಂದು ಹೆಜ್ಜಿ ಇಟ್ಟೆ. ನನ್ನ ಕಣ್ಮುಂದ ಸಸಿ ನಿಂತಿತ್ತು."